ಹೆಡ್‌ಸೆಟ್ ಹಾಕಿದವನ ಪಕ್ಕ ನಿಲ್ಲುವವರು

ಅಕ್ಕಾ,

ಸಂಶೋಧನೆಯ ಸೀಟಿಗೆ ಸಂದರ್ಶನ ಮುಗಿಸಿ ಈಗಷ್ಟೇ ಬಂದೆ. ಶೂ ಬಿಚ್ಚುವಷ್ಟೂ ತ್ರಾಣವಿಲ್ಲ. ಆದರೂ ನಿನಗೆ ಹೇಳದೆ ಯಾರಿಗೆ ಹೇಳಲಿ?

ಗೆಳೆಯರ ಚಾಟ್ ಗುಂಪಿನಲ್ಲಿ ಎಲ್ಲರ ತಲೆ ತಿಂದು ಬೆಳೆಸಿದ ವಾದವನ್ನೇ ಹೇಳಿದೆ. ಮಧ್ಯಯುಗದ ಯುರೋಪಿನ ವೀರರ ಪ್ರೇಮಕಥೆಗಳೇ ಮೊದಲ ವರ್ಚುವಲ್ ರಿಯಾಲಿಟಿ, ಸವಾರ ಮಾಯಾವನಕ್ಕೆ ನುಗ್ಗಿದರೆ ಕೇಳುವವನಿಗೂ ತಾನು ಕೂತ ಬೆಂಚು ಮರೆತುಹೋಗುತ್ತದೆ ಅಂತ.

ವರ್ಚುವಲ್ ರಿಯಾಲಿಟಿ ಲ್ಯಾಬ್ ನಡೆಸುವ ಮೇಡಂ ಕೇಳಿದರು: "ಅಲ್ಲಪ್ಪಾ, ನಮ್ಮಲ್ಲಿ ಒಬ್ರು ಕಣ್ಣಿಗೆ ಹೆಡ್‌ಸೆಟ್ ಹಾಕ್ಕೊಂಡ್ರೆ ಇನ್ನೊಬ್ರು ಪಕ್ಕದಲ್ಲೇ ನಿಂತಿರ್ತಾರೆ, ಗೋಡೆಗೆ ಮೂತಿ ಗುದ್ದಿಕೊಳ್ಳದ ಹಾಗೆ. ನಿನ್ನ ಕಥೆಗಳಲ್ಲಿ ಆ ಕೆಲಸ ಯಾರದ್ದು?"

ಉತ್ತರ ಗೊತ್ತಿತ್ತು. ಆಗೆಲ್ಲ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ನಡುನಡುವೆ ತಲೆಯೆತ್ತಿ ಕೇಳುವವರ ಮುಖ ನೋಡುವುದು ಓದುವವರ ಕೆಲಸ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ನೀನು ಕಥೆ ಓದುತ್ತಾ ರಾಕ್ಷಸನ ಪುಟದಲ್ಲಿ ನಿಲ್ಲಿಸಿ, "ಲೋ ಪುಕ್ಕಲ, ಕಣ್ಣು ಬಿಡು, ಬರೀ ಕಥೆ ಕಣೋ" ಅನ್ನುತ್ತಿದ್ದೆಯಲ್ಲ, ಹಾಗೆ.

"ನಮ್ಮಕ್ಕ..." ಅಂತ ಶುರು ಮಾಡಿದೆ.

"ಇಷ್ಟೊತ್ತು ಪಟಪಟ ಅಂತಿದ್ದೋನು ಈಗೇನಾಯ್ತೋ? ಹೋಗ್ಲಿ, ಬರೆದು ಕಳ್ಸು. ಆಮೇಲೆ ಸೀಟಿನ ಮಾತು" ಅಂದರು ಮೇಡಂ.

ಅದನ್ನೇ ಬರೆಯಲು ಕೂತೆ. ಆದರೆ ಬರೆದರೆ ಪೂರ್ತಿ ಬರೆಯಬೇಕಾಗುತ್ತದೆ. ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಓದುವ ಸರದಿ ನನ್ನದಾಗಿತ್ತು. ಸವಾರ ಇನ್ನೂ ಕಾಡಿನೊಳಗೇ ಇದ್ದ. ನಾನು ತಲೆಯೆತ್ತಿ ನಿನ್ನ ಮುಖ ನೋಡಿದೆ, ನೋಡಿದ ಕೂಡಲೇ ನಿನ್ನ ಉಸಿರು ನಿಂತದ್ದು ಗೊತ್ತಾಯಿತು. ಆದರೂ ನರ್ಸ್ ಬರುವ ತನಕ ಓದುತ್ತಲೇ ಇದ್ದೆ.