ಬದುಕಿರುವ ಮಗಳಿಗೆ ತೋಡಿದ ಕುಣಿ

ಪಾರ್ವತಿನಗರ, ಬಳ್ಳಾರಿ
೧೨–೧–೨೦೨೫

ಚಿರಂಜೀವಿ ಅಕ್ಷತಾಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಡ್ಯಾನಿಯಲ್ ಆರೋಗ್ಯವೇ? ಆರು ವರ್ಷದ ಮೇಲೆ ಕೇಳುತ್ತಿದ್ದೇನೆ, ಬೈದುಕೋ. ಸಿಕಂದರಾಬಾದಿನ ಈ ವಿಳಾಸ ಕೊಟ್ಟವರು ನಿಮ್ಮ ಮದುವೆ ಮಾಡಿಸಿದ ಗುಡ್ಡದ ಚರ್ಚಿನ ಫಾದರ್. ಅಪ್ಪ ಅಲ್ಲಿಗೆ ಹತ್ತಿದನೇ ಎಂದು ನಗಬೇಡ, ಹತ್ತಿದೆ.

ನಿನ್ನ ಅವ್ವನಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ಉಂಡದ್ದು ಮಧ್ಯಾಹ್ನ ನೆನಪಿರುವುದಿಲ್ಲ. ಒಂದು ದಿನವನ್ನು ಮಾತ್ರ ಮರೆತಿಲ್ಲ. ನಿನ್ನ ಮದುವೆಯ ಮರುದಿನ, ನೀನು ಬಿಟ್ಟುಹೋಗಿದ್ದ ಇಷ್ಟಲಿಂಗವನ್ನು ಕೊಳಗಲ್ಲಿನ ನಮ್ಮ ಹೊಲಕ್ಕೆ ಒಯ್ದು, ಸತ್ತವರಿಗೆ ಮಾಡುವಂತೆ ಕುಣಿ ತೋಡಿ, ವಿಭೂತಿ, ಪತ್ರೆ ಹಾಕಿ ಮಣ್ಣು ಮಾಡಿದೆ. ನೆರೆದವರಿಗೆ "ನನ್ನ ಮಗಳು ಸತ್ಲು" ಎಂದೆ. ಒಲ್ಲೆನೆಂದ ನಿನ್ನ ಅವ್ವನನ್ನೂ ಎಳೆದೊಯ್ದು ಮೂರು ಹಿಡಿ ಮಣ್ಣು ಹಾಕಿಸಿದೆ. ಈಗ ಅವಳಿಗೆ ಅದೇ ನಿಜ. ದಿನಾ ಬೆಳಿಗ್ಗೆ ಎದ್ದು, "ಕೂಸಿಗೆ ಏನಾಗಿತ್ರಿ? ದವಾಖಾನಿಗೆ ತೋರಿಸಲಿಲ್ಲೇನ್ರಿ?" ಎಂದು ಹೊಸದಾಗಿ ಅಳುತ್ತಾಳೆ. ನೀನು ಬದುಕಿದ್ದೀಯೆಂದರೆ, "ಸುಳ್ಳು ಹೇಳಬ್ಯಾಡ್ರಿ, ನಾನೇ ಮಣ್ಣು ಹಾಕೀನಿ" ಎನ್ನುತ್ತಾಳೆ. ಸಿರುಗುಪ್ಪದಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ಮೇಷ್ಟ್ರು ನಾನು. ಹೆಂಡತಿಗೆ ಒಂದು ನಿಜ ಒಪ್ಪಿಸಲಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಹೋದ ಭಾನುವಾರ ಅವಳ ತವರು ಕುರುಗೋಡಿಗೆ ಕರೆದೊಯ್ದಿದ್ದೆ. ಹಳೆಯ ಜಾಗ ನೋಡಿದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಪಾಳುಗುಡಿಗಳ ನಡುವೆ ಎಷ್ಟು ಚೆನ್ನಾಗಿ ನಡೆದಳು ಗೊತ್ತೇ! ಚಿಕ್ಕಂದಿನಲ್ಲಿ ಅವಿತುಕೊಳ್ಳುತ್ತಿದ್ದ ಮುರುಕು ಕಂಬವನ್ನೂ ಹುಡುಕಿ ತೋರಿಸಿದಳು. ಅದೇ ಧೈರ್ಯದಲ್ಲಿ, ಬರುವಾಗ ಗುಡ್ಡದ ಚರ್ಚಿಗೂ ಹತ್ತಿಸಿದೆ. ಮದುವೆ ಪುಸ್ತಕದಲ್ಲಿ ನಿನ್ನ ರುಜು ನೋಡಿದರೆ ನಂಬುತ್ತಾಳೆಂದುಕೊಂಡೆ. ಫಾದರ್ ಪುಟ ತೆಗೆದುಕೊಟ್ಟರು. ಅವಳು ನಿನ್ನ ಹೆಸರಿನ ಮೇಲೆ ಬೆರಳಾಡಿಸಿ, "ಎಷ್ಟು ಚಂದ ಬರೀತಿತ್ರಿ ನನ್ನ ಕೂಸು" ಎಂದಳು. ಪಕ್ಕದಲ್ಲಿ ಯಾರೋ ತಮ್ಮ ಸತ್ತವರಿಗೆ ಮೇಣದಬತ್ತಿ ಹಚ್ಚುತ್ತಿದ್ದರು. ಅವಳೂ ಒಂದನ್ನು ಕೇಳಿ ಪಡೆದು ನಿನಗಾಗಿ ಹಚ್ಚಿದಳು. ಯಾವ ಬಾಯಿಂದ ಬೇಡವೆನ್ನಲಿ? ಗೋಡೆಗೆ ಒರಗಿ ಅತ್ತುಬಿಟ್ಟೆ.

ಒಮ್ಮೆ ಬಾ ಮಗಳೇ, ಅವ್ವನಿಗಾಗಿ ಬಾ. ಕಣ್ಣೆದುರು ನಿಂತರಾದರೂ ನಂಬಬಹುದು. ಡ್ಯಾನಿಯಲ್‌ನನ್ನೂ ಕರೆದುಕೊಂಡು ಬಾ. ಶಿವ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ತಿಪ್ಪೇರುದ್ರಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು, ನಿನಗೆ ಬರೆದಿದ್ದೇನೆಂದು ಅವಳಿಗೆ ಹೇಳಿದೆ. "ಅಕ್ಷತಾ ಅಂದ್ರ ಯಾರ್ರಿ?" ಎಂದಳು. ಅಳಲಿಲ್ಲ, ರೊಟ್ಟಿ ಕೇಳಿ ಉಂಡು ಮಲಗಿದ್ದಾಳೆ. ಅವ್ವನಿಗಾಗಿ ಬಾ ಎಂದು ಮೇಲೆ ಬರೆದುಬಿಟ್ಟಿದ್ದೇನೆ. ನನಗಾಗಿ ಬಾ ಎಂದು ಯಾವ ಮುಖ ಇಟ್ಟುಕೊಂಡು ಬರೆಯಲಿ?