ಪಕ್ಕದ ಇಲಿ

೬ ಆಗಸ್ಟ್ ೧೯೭೩, ಸೋಮವಾರ
ಇವತ್ತೂ ಬಿಸಿ ತಗಡು. ಇಲಿಯನ್ನು ಅದರ ಮೇಲೆ ಬಿಡುವುದು, ಪಾದ ನೆಕ್ಕಿಕೊಂಡ ಕೂಡಲೇ ಎತ್ತುವುದು, ಎಷ್ಟು ಸೆಕೆಂಡು ತಡೆಯಿತೆಂದು ಬರೆದುಕೊಳ್ಳುವುದು. ಲ್ಯಾಬಿನ ಸ್ಟಾಪ್‌ವಾಚ್ ಕೆಟ್ಟಿದೆ, ನನ್ನ ಕೈಗಡಿಯಾರವೇ ಗತಿ. ಒಮ್ಮೆ ಒಂಟಿಯಾಗಿ; ಇನ್ನೊಮ್ಮೆ ಅದೇ ಪಂಜರದ ಜೊತೆಗಾರನನ್ನು ಪಕ್ಕದ ಗಾಜಿನ ಜಾಡಿಯಲ್ಲಿಟ್ಟು. ಜೊತೆಗಾರನಿದ್ದರೆ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ! ನಮ್ಮ ಲ್ಯಾಬಿನ ಮುಖ್ಯಸ್ಥ ಸದಾನಂದ ಸರ್‌ಗೆ ಖುಷಿಯೋ ಖುಷಿ. "ನೋವು ಬರೀ ಚರ್ಮದ್ದಲ್ಲ ಮಾರಾಯ, ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೂ ಉಂಟು." ಸಂಶೋಧನಾ ಪೇಪರ್‌ನಲ್ಲಿ ನನ್ನ ಹೆಸರೂ ಹಾಕುತ್ತಾರಂತೆ. ಗೋರೆಗಾಂವ್‌ವರೆಗೆ ಲೋಕಲ್ ರೈಲಿನಲ್ಲಿ ನಿಂತೇ ಮನೆಗೆ ಬಂದೆ. ಆಯಾಸವೇ ಆಗಲಿಲ್ಲ.

೯ ಆಗಸ್ಟ್
ಬೆಳಿಗ್ಗೆ ಹೆಂಡತಿ ಬಸಲಿಂಗವ್ವ ಸ್ಟೋವ್ ಮೇಲಿಂದ ಬಾಣಲೆ ಇಳಿಸುವಾಗ ಕಾದ ಎಣ್ಣೆ ಮುಂಗೈ ಮೇಲೆ. "ಅಯ್ಯೋ ಯವ್ವಾ!" ಎಂದು ಚೀರಿದಳು. ನಾನು... ಥೂ. ನಾನು ವಾಚ್ ನೋಡಿಕೊಂಡೆ. ಅಭ್ಯಾಸಬಲ. ಅವಳು ಅದನ್ನು ನೋಡಿದಳು.
ಅವ್ವ ಓಡಿ ಬಂದಳು. "ಹಂಗ ನಿಂತೀಯಲ್ಲೋ, ನೀರು ತಾರೋ!" ತಂದು ಅವ್ವನ ಕೈಗೆ ಕೊಟ್ಟೆ. ಹತ್ತಿರ ಹೋಗಲಿಲ್ಲ. ಹಿರಿಯರೆದುರು ಹೆಂಡತಿಯ ಮೈ ಮುಟ್ಟುವುದು ನಮ್ಮಲ್ಲಿಲ್ಲ. ನೆಪಕ್ಕೆ ಅದೂ ಒಂದು ಸಿಕ್ಕಿತು.

೧೦ ಆಗಸ್ಟ್
ರಜೆ ಹಾಕಲಿಲ್ಲ. ಇಲಿಗೆ ಜೊತೆ ಕೂರಿಸಬೇಕಿತ್ತಲ್ಲ! ನಾಚಿಕೆಗೇಡು.
ಸಂಜೆ ಕೇಳಿದೆ, "ನೋವು ಐತೇನ?"
"ಏನಿಲ್ರಿ."
ಆಮೇಲೆ ಬಚ್ಚಲ ಮೋರಿಯಲ್ಲಿ ಒಬ್ಬಳೇ ಮುಲುಗುವುದು ಕೇಳಿಸಿತು. ನನ್ನ ಹೆಜ್ಜೆ ಸಪ್ಪಳಕ್ಕೆ ನಿಂತಿತು. ನನ್ನೆದುರು ನರಳಲೂ ಅವಳಿಗೆ ಹೆದರಿಕೆ.

೧೭ ಆಗಸ್ಟ್
ಗಾಯ ಕೀವು ಕಟ್ಟಿದೆ. ಮುನಿಸಿಪಾಲ್ಟಿ ದವಾಖಾನೆಗೆ ಕರೆದುಕೊಂಡು ಹೋದೆ. ಅವ್ವನೂ ಬಂದಳು. ಅಂಟಿದ ಪಟ್ಟಿ ಬಿಚ್ಚುವಾಗ ಬಸಲಿಂಗವ್ವ ಕಿರುಚಿದಳು. ಅವ್ವ ಇದ್ದರೆ ಇರಲಿ ಎಂದು ಅವಳ ಇನ್ನೊಂದು ಕೈ ಹಿಡಿದೆ. ಅವ್ವ ಮುಖ ಆಚೆ ತಿರುಗಿಸಿದಳು. ಬಸಲಿಂಗವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು... ಕಿರುಚುವುದು ನಿಂತಿತು. ನನ್ನನ್ನು ಕ್ಷಮಿಸಿದ್ದಳು, ಪಾಪ.
ಆಗ ನನ್ನ ತಲೆಯಲ್ಲಿ ಬಂದದ್ದೇನು? ಜೊತೆಗಾರ ಪಕ್ಕದಲ್ಲಿದ್ದರೆ ಮನುಷ್ಯರೂ ಹೆಚ್ಚು ಹೊತ್ತು ತಡೆಯುತ್ತಾರೆ — ನಾಳೆ ಸರ್‌ಗೆ ಹೇಳಬೇಕು! ಮುಖದಲ್ಲಿ ನಗು ಬಂದಿರಬೇಕು.
"ಯಾಕ ನಗಾಕತ್ತೀರಿ?"
ನನ್ನ ಕಣ್ಣು ಮತ್ತೆ ವಾಚಿನತ್ತ ಹೋಯಿತು; ಅವಳೂ ನೋಡಿದಳು. ಅವಳ ಬೆರಳುಗಳು ಸಡಿಲವಾದವು. ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಕಾಂಪೌಂಡರ್ ಉಳಿದ ಪಟ್ಟಿ ಕಿತ್ತರೂ ಹಾ ಅನ್ನಲಿಲ್ಲ.
ಈಗ ಆಚೆ ಅವ್ವನ ಪಕ್ಕ ಮಲಗಿದ್ದಾಳೆ. ಎಬ್ಬಿಸಿ ಹೇಳಬೇಕು. ಏನಂತ ಹೇಳಲಿ? ಬಸಲಿಂಗಿ, ನಾನು ನಿನ್ನ ಪಕ್ಕದಲ್ಲಿ ಇದ್ದೂ...