ಎರಕದ ಸಿಂಹ

ಅಪ್ಪಾ,

ಇವತ್ತು ನಮ್ಮ ವಕೀಲರ ಮುಂಗೈ ಮುರಿದೆ. ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ನೀನು ಎರಕ ಹೊಯ್ದು, ಅವರಿಗೆಂದೇ ಉಜ್ಜಿ ಹೊಳಪು ಮಾಡಿ ಕೊಟ್ಟಿದ್ದ ಕಬ್ಬಿಣದ ಸಿಂಹದಿಂದಲೇ ಮುರಿದೆ.

ಕಾದ ಕಬ್ಬಿಣ ಕಾಲ ಮೇಲೆ ಚೆಲ್ಲಿ ನೀನು ಹಾಸಿಗೆ ಹಿಡಿದಾಗ ಪರಿಹಾರದ ಕೇಸನ್ನು ಅವರಿಗೆ ಒಪ್ಪಿಸಿ, ಆ ಸಿಂಹವನ್ನೂ ಕೊಟ್ಟೆವು. 'ನೀವು ಕೋರ್ಟಿಗೆ ಬರಬ್ಯಾಡ್ರಿ, ನಾ ಅದೀನಿ' ಅಂದರು. ಒಮ್ಮೆ ಹೋಗಿ ನೋಡಿ ಬರುತ್ತೇನೆಂದರೆ ನೀನು ಬಿಡಲಿಲ್ಲ. 'ಸಾರಿಕಾ, ಹ್ವಾದರ ಅವರ ಮ್ಯಾಲ ನಂಬಿಕಿ ಇಲ್ಲಂದಂಗ ಆಕ್ಕೈತಿ' ಅಂದೆ. ಅವರು ಕೋರ್ಟಿನ ಒಂದು ತಾರೀಖಿಗೂ ಹೋಗಿರಲಿಲ್ಲ. ಕೇಸು ವಜಾ ಆದ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ನಿನ್ನ ಕಾಲಿನ ನಂಜು ಮೈಗೆಲ್ಲ ಏರಿತ್ತು.

ನಿನ್ನ ಮಣ್ಣಾದ ಮೇಲೆ ದೂರು ಕೊಟ್ಟೆ. ವಕೀಲರ ಶಿಸ್ತು ಸಮಿತಿ ಆರು ತಿಂಗಳು ಅವರ ವಕೀಲಿ ಸನದು ಅಮಾನತು ಮಾಡಿತು. ತಪ್ಪಾಯಿತು ಎಂಬ ಒಂದು ಮಾತು ಕೇಳೋಣವೆಂದು ಇವತ್ತು ಗಡಹಿಂಗ್ಲಜದ ಅವರ ಆಫೀಸಿಗೆ ಹೋದೆ. ಚಹಾ ಕುಡಿಯುತ್ತ ನಕ್ಕರು.

'ಆರು ತಿಂಗಳ ಸೂಟಿ ಸಿಕ್ತು ಬಿಡವಾ. ನಿಮ್ಮಪ್ಪ ಯಾವಾಂವ ಅಂದಿ?'

ನಿನ್ನ ಸಿಂಹ ಅವರ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಕೊಂಡು ಕೂತಿತ್ತು. ಎತ್ತಿ ಹೊಡೆದೆ. ಎಲುಬು ಲಟಕ್ಕೆಂದಿತು. ಅದೇ ಜಾಗಕ್ಕೆ ಇನ್ನೊಂದು ಕೊಟ್ಟೆ. ಜೂನಿಯರ್ ವಕೀಲ ಜಡೆ ಹಿಡಿದು ಎಳೆಯದಿದ್ದರೆ ಮುಂದಿನ ಏಟು ತಲೆಗೇ ಬೀಳುತ್ತಿತ್ತು.

ಠಾಣೆಯಲ್ಲಿ ಹವಾಲ್ದಾರ, 'ನಿನ್ನ ವಕೀಲ ಯಾರವಾ?' ಎಂದು ಕೇಳಿದ.

'ಯಾರೂ ಇಲ್ರಿ,' ಅಂದೆ. 'ಎಲ್ಲಾ ತಾರೀಖಿಗೂ ನಾನಽ ಬರ್ತೇನಿ.'